ಕರಿದುಳಿದ ಎಣ್ಣೆ

ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಶಬ್ದಕ್ಕೆ ಎಣ್ಣೆಯೆಂದೂ ಪ್ರೀತಿಯೆಂದೂ ಎರಡರ್ಥಗಳುಂಟು. ಹಬ್ಬದ ಮರುದಿನ ಬಾಣಲೆಯಲ್ಲಿ ಕಪ್ಪಾಗಿ ಉಳಿದ ಎಣ್ಣೆಯ ವಿಷಯದಲ್ಲಿ ಮಾತ್ರ ಈ ಎರಡರ್ಥಗಳಿಗೂ ವಿರೋಧವೊದಗುವುದು. ಅದನ್ನು ಚೆಲ್ಲಲು ಗೃಹಿಣಿಗೆ ಮನಸ್ಸು ಬಾರದು; ಅದರಲ್ಲಿಯೇ ಮತ್ತೆ ಮತ್ತೆ ಕರಿದು ಮಕ್ಕಳಿಗೆ ಬಡಿಸುವುದು ಪ್ರೀತಿಯ ಲಕ್ಷಣವಲ್ಲ. ಉಪಾಧ್ಯಾಯರ ಸಣ್ಣ ಸಂಬಳದಲ್ಲಿ ಸಂಸಾರ ತೂಗಿಸಿದ ನಾವು ಮಿತವ್ಯಯವನ್ನು ಧರ್ಮವೆಂದೇ ನಂಬಿದವರು; ಆದರೂ ಈ ಉಳಿತಾಯವು ಉಳಿತಾಯವಲ್ಲವೆಂದು ಹೇಳಲೇಬೇಕಾಗಿದೆ.

ಪದೇ ಪದೇ ಕಾದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳೆಂಬ ದೋಷವಸ್ತುಗಳು ಬೆಳೆಯುವುವು. ಅವು ನೂರಕ್ಕೆ 25ನ್ನು ಮೀರಿದ ಎಣ್ಣೆಯು ಅಡಿಗೆಗೆ ಸಲ್ಲದೆಂಬ ನಿಯಮವು ನಮ್ಮ ದೇಶದಲ್ಲಿ 2018ನೆಯ ಇಸವಿ ಜುಲೈ 1ರಿಂದ ಜಾರಿಗೆ ಬಂದಿತು. ಮೋರಿಗೆ ಸುರಿದರೆ ಅದು ಹೆಪ್ಪುಗಟ್ಟಿ ಕೊಳವೆಯನ್ನು ಮುಚ್ಚುವುದು. ಕೊಳ್ಳುವವನಾರೆಂದು ವಿಚಾರಿಸದೆ ಮಾರಿದರೆ ಇನ್ನೊಂದು ಬಾಣಲೆ ಸೇರಿ, ಬಡವರ ಮಕ್ಕಳ ಹೊಟ್ಟೆಗೇ ಇಳಿಯುವ ಭಯವುಂಟು.

ಹಾಗಾದರೆ ಮಾಡತಕ್ಕುದೇನು? ರಸಾಯನಶಾಸ್ತ್ರವು ಬೇರೊಂದು ದಾರಿಯನ್ನು ತೋರಿಸಿದೆ. ಎಣ್ಣೆಯ ಒಂದೊಂದು ಅಣುವೂ ಗ್ಲಿಸರಿನ್ನಿಗೆ ಕಟ್ಟಿದ ಮೂರು ಕೊಬ್ಬಿನಾಮ್ಲಗಳ ಕಂತೆ. ಸೋಸಿ ನೀರಿನಂಶ ತೆಗೆದ ಎಣ್ಣೆಗೆ ಮೆಥನಾಲನ್ನೂ ಸ್ವಲ್ಪ ಕಾಸ್ಟಿಕ್ ಸೋಡವನ್ನೂ ಕೂಡಿಸಿ, ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಲಕಿದರೆ ಕಂತೆ ಬಿಚ್ಚುವುದು. ಗ್ಲಿಸರಿನ್ ಕೆಳಗಿಳಿಯುವುದು, ಮೇಲೆ ನಿಂತದ್ದೇ ಜೈವಿಕ ಡೀಸೆಲ್. ಸ್ಥೂಲವಾಗಿ 100 ಕಿಲೋ ಎಣ್ಣೆಗೆ 10 ಕಿಲೋ ಮೆಥನಾಲ್ ಸೇರಿದರೆ 100 ಕಿಲೋ ಇಂಧನವೂ 10 ಕಿಲೋ ಗ್ಲಿಸರಿನ್ನೂ ದೊರೆಯುವುವು. ಸೋಡವು ಇಲ್ಲಿ ಕ್ರಿಯಾವರ್ಧಕ. ಎರಡು ಮನೆಗಳ ಸಂಬಂಧ ಕೂಡಿಸಿ ತಾನು ಯಾರ ಮನೆಯವನೂ ಆಗದೆ ಹೊರಡುವ ಪುರೋಹಿತನಂತೆ. ಹಳೆಯ ಎಣ್ಣೆಯಲ್ಲಿ ಬಿಡಿ ಆಮ್ಲವು ಹೆಚ್ಚಿದ್ದರೆ ಸೋಡವು ಅದರೊಡನೆ ಬೆರೆತು ಸಾಬೂನಾಗಿಬಿಡುವುದು. ಆದಕಾರಣ ಅಂಥ ಎಣ್ಣೆಗೆ ಮೊದಲು ಗಂಧಕಾಮ್ಲದ ಸಂಸ್ಕಾರವಾಗಬೇಕು.

ಇದು ಅಪೂರ್ವವಾದ ಮಾತೇನೂ ಅಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ಬಳಸಿದ ಎಣ್ಣೆಯನ್ನು ಕೂಡಿಸಿ ಇಂಧನವಾಗಿಸುವ ‘ರುಕೊ’ ಎಂಬ ಯೋಜನೆಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಆಗಸ್ಟಿನಲ್ಲಿ ಆರಂಭಿಸಿತು.

ಮೆಥನಾಲು ವಿಷ; ಬೇಗನೆ ಹೊತ್ತಿಕೊಳ್ಳುವ ವಸ್ತು. ಆದುದರಿಂದ ಈ ಕಾರ್ಯವನ್ನು ಯಾರೂ ಅಡಿಗೆಮನೆಯಲ್ಲಿ ಪರೀಕ್ಷಿಸಬಾರದು. ಗೃಹಸ್ಥನ ಪಾಲಿನ ಕೆಲಸ ಬಲು ಸಣ್ಣದು: ಎಣ್ಣೆ ಆರಿದ ಮೇಲೆ ಸೋಸಿ ಮುಚ್ಚಳದ ಡಬ್ಬಿಯಲ್ಲಿಡುವುದು; ಹತ್ತು ಮನೆಗಳವರು ಕೂಡಿ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು. ನಮ್ಮ ಮಕ್ಕಳಿಗೆ ಬೇಡವೆಂದು ತೆಗೆದಿಟ್ಟದ್ದು ಪರರ ಮಕ್ಕಳ ತಟ್ಟೆಗೆ ಬೀಳದಂತೆ ನೋಡಿಕೊಳ್ಳುವುದೂ ಗೃಹಧರ್ಮವೇ ಅಲ್ಲವೆ?