ಒಡೆದ ಲೋಟ ಕಲಿಸಿದ ಪಾಠ

ನಾನು ಹುಟ್ಟಿ ಬೆಳೆದ ಹಾವೇರಿ ಸೀಮೆಯ ಹಳ್ಳಿಯಲ್ಲಿ ‘ಕಸ’ ಎಂಬ ಮಾತಿಗೆ ಇಂದಿನ ಅರ್ಥವಿರಲಿಲ್ಲ. ಕಾಯಿಪಲ್ಲೆಯ ಸಿಪ್ಪೆ ಎಮ್ಮೆಯ ಮುಂದೆ ಬೀಳುತ್ತಿತ್ತು. ಒಲೆಯ ಬೂದಿ ಪಾತ್ರೆ ಬೆಳಗಲು ಒದಗುತ್ತಿತ್ತು. ಹರಿದ ಸೀರೆ ಅಜ್ಜಿಯ ಕೈಯಲ್ಲಿ ಕೌದಿಯಾಗುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಉಂಡ ಮುತ್ತುಗದ ಪತ್ರಾವಳಿಗಳೂ ಸೇರಿ ಉಳಿದುದೆಲ್ಲ ಹಿತ್ತಲಿನ ತಿಪ್ಪೆಗೆ ಹೋಗಿ, ಮುಂಗಾರಿನ ಹೊತ್ತಿಗೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಇದನ್ನು ಯಾರೂ ಪರಿಸರ ರಕ್ಷಣೆ ಎಂದು ಕರೆಯಲಿಲ್ಲ. ಅದು ಮನೆಯ ನಡೆವಳಿಕೆಯಾಗಿತ್ತು.

ಯಜಮಾನರು ತೀರಿಕೊಂಡ ಬಳಿಕ 2009ರಲ್ಲಿ ನಾನು ಬೆಂಗಳೂರಿನಲ್ಲಿರುವ ಮಗನ ಮನೆಗೆ ಬಂದೆ. ಐವತ್ತು ವರ್ಷ ರೂಢಿಸಿಕೊಂಡ ನಡೆವಳಿಕೆಯನ್ನು ಐದೇ ತಿಂಗಳಲ್ಲಿ ಮರೆತೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಅನ್ನ, ಸಿಪ್ಪೆ, ಹಾಲಿನ ಪೊಟ್ಟಣ, ಮುರಿದ ಬಾಚಣಿಗೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಾಗಿಲ ಹೊರಗಿಟ್ಟರೆ ನನ್ನ ಹೊಣೆ ಮುಗಿಯುತ್ತಿತ್ತು. ಅದನ್ನು ಒಯ್ಯುತ್ತಿದ್ದ ಹೆಂಗಸನ್ನು ನಾವೆಲ್ಲ ‘ಕಸದವಳು’ ಎನ್ನುತ್ತಿದ್ದೆವು. ವರ್ಷಗಟ್ಟಲೆ ದಿನವೂ ಮುಖ ಕಂಡರೂ ಅವರ ಹೆಸರೇನೆಂದು ನಾನು ಕೇಳಿರಲಿಲ್ಲ.

2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮನೆಗಳಲ್ಲಿ ಕಸವನ್ನು ಬೇರ್ಪಡಿಸುವ ವಿಧಾನವನ್ನು ಗೊತ್ತುಪಡಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಶೌಚಸಂಬಂಧಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ. ಸೊಸೆ ಮೂರನ್ನೂ ತಂದಿಟ್ಟಳು. “ಎಲ್ಲವೂ ಒಂದೇ ಲಾರಿಗೆ ಹೋಗುವುದು ತಾನೇ?” ಎಂದು ನಾನು ನಕ್ಕೆ. ಅವಳು ಕೆಲಸಕ್ಕೆ ಹೋದ ಮೇಲೆ ಮತ್ತೆ ನನ್ನ ಹಳೆಯ ಚೀಲವೇ.

ಮರುವರ್ಷದ ಒಂದು ಸಂಜೆ ಗಾಜಿನ ಲೋಟ ಕೈಜಾರಿ ಒಡೆಯಿತು. ಚೂರುಗಳನ್ನು ಗುಡಿಸಿ, ಅಡಿಗೆಮನೆಯ ಕಸದೊಡನೆ ಅದೇ ಚೀಲಕ್ಕೆ ಸುರಿದು ಗಂಟು ಹಾಕಿದೆ. ಮರುದಿನ ಮುಂಜಾನೆ ಬಾಗಿಲಲ್ಲಿ ಆ ಹೆಂಗಸು ನಿಂತಿದ್ದರು. ಸೆರಗನ್ನು ಬಲ ಅಂಗೈಗೆ ಸುತ್ತಿಕೊಂಡಿದ್ದರು. ಅದು ರಕ್ತದಿಂದ ನೆನೆದಿತ್ತು. ಬೈಗುಳವನ್ನು ನಿರೀಕ್ಷಿಸಿ ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. “ಅಮ್ಮಾ, ಗ್ಲಾಸು ಒಡೆದ್ರೆ ಪೇಪರ್‌ನಲ್ಲಿ ಸುತ್ತಿ ಬೇರೆ ಕೊಡಿ. ಒಳಗೆ ಇರೋದು ನಮಗೆ ಕಾಣಲ್ಲ” ಎಂದಷ್ಟೇ ಹೇಳಿದರು.

ಆಟೋದಲ್ಲಿ ಕೂರಿಸಿಕೊಂಡು ವೈದ್ಯರ ಬಳಿಗೆ ಕರೆದೊಯ್ದೆ. ಐದು ಹೊಲಿಗೆ, ಧನುರ್ವಾಯುವಿನ ಚುಚ್ಚುಮದ್ದು. ಎಂಟು ದಿನ ಅವರು ಕೆಲಸಕ್ಕೆ ಬರಲಾಗಲಿಲ್ಲ. ಬಾರದ ದಿನಕ್ಕೆ ಕೂಲಿಯಿಲ್ಲ. ಆ ಕೂಲಿಯನ್ನು ನಾನು ಕೊಟ್ಟೆ. ಆದರೆ ಅವರ ಹೆಬ್ಬೆರಳು ಇಂದಿಗೂ ಪೂರ್ತಿ ಮಡಿಸುವುದಿಲ್ಲ. ಅದಕ್ಕೆ ನಾನು ಏನನ್ನು ತಾನೇ ಕೊಡಬಲ್ಲೆ?

ಗಾಯ ಮಾಗಿದ ಮೇಲೆ, “ನಾವು ಕೊಟ್ಟದ್ದೆಲ್ಲ ಎಲ್ಲಿಗೆ ಹೋಗುತ್ತದೆ, ನನಗೊಮ್ಮೆ ತೋರಿಸುತ್ತೀರಾ?” ಎಂದು ಕೇಳಿದೆ. ಅವರು ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ಹೆಂಗಸರು ನೆಲದ ಮೇಲೆ ಕುಳಿತು, ಹಾಲಿನ ಪೊಟ್ಟಣವನ್ನು ಒಂದೆಡೆ, ನೀರಿನ ಬಾಟಲಿಯನ್ನು ಇನ್ನೊಂದೆಡೆ, ರಟ್ಟನ್ನು ಮತ್ತೊಂದೆಡೆ ರಾಶಿ ಹಾಕುತ್ತಿದ್ದರು. ಅನ್ನ ಸಾರು ಮೆತ್ತಿದ ಕಾಗದಕ್ಕೆ ಬೆಲೆಯಿಲ್ಲ. ಒಣಗಿದ್ದರೆ ಅದು ಮತ್ತೆ ಕಾಗದವಾಗುತ್ತದೆ. ನಾನು ಗಂಟು ಹಾಕಿದ ಒಂದೊಂದು ಚೀಲವೂ ಅವರ ದುಡಿಮೆಯ ಒಂದು ತುತ್ತನ್ನು ಕೆಡಿಸಿತ್ತೆಂಬುದು ಅಂದು ತಿಳಿಯಿತು.

ಬೇರ್ಪಡದೆ ಹೋದ ಕಸ ಊರ ಹೊರಗಿನ ಹಳ್ಳಿಗಳಿಗೆ ಹೋಗುತ್ತಿತ್ತೆಂಬುದನ್ನೂ ಆಗಲೇ ಅರಿತೆ. ಮಾವಳ್ಳಿಪುರದ ಜನ ತಮ್ಮ ನೀರು ಕೆಟ್ಟಿತೆಂದು ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಆ ನಾರುವ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಬಳಿಕ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ಜನರೂ 2014ರಲ್ಲಿ ತಡೆದು ನಿಂತರು. ನಮ್ಮಂತೆಯೇ ಹೊಲ ಮನೆ ಇದ್ದವರ ಬಾಗಿಲಿಗೆ ನಮ್ಮ ಹೇಸಿಗೆಯನ್ನು ಸುರಿದು, ನಾವು ನಮ್ಮ ಅಂಗಳಕ್ಕೆ ರಂಗೋಲಿ ಹಾಕಿಕೊಂಡಿದ್ದೆವು.

ಇದನ್ನು ಬಹಳ ಮೊದಲೇ ಕಂಡು ಎಚ್ಚರಿಸಿದ ಹಿರಿಯ ಮಹಿಳೆಯೊಬ್ಬರು ಬೆಂಗಳೂರಿನಲ್ಲಿಯೇ ಇದ್ದಾರೆ. ಇಂಜಿನಿಯರಿಂಗ್ ಓದಿದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ, 2000ದಲ್ಲಿ ದೇಶಕ್ಕೆ ನಗರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಬಂದವು. ನಳಿನಿ ಶೇಖರ್ ಮತ್ತು ಅವರ ಸಂಗಡಿಗರು ಕಟ್ಟಿದ ‘ಹಸಿರು ದಳ’ವು ಚಿಂದಿ ಆಯುವವರನ್ನು ಒಗ್ಗೂಡಿಸಿತು. ನಗರಪಾಲಿಕೆಯಿಂದ ಅವರಿಗೆ ಗುರುತಿನ ಚೀಟಿ ದೊರೆಯಿತು. ಹಲವರು ಒಣ ಕಸ ಕೇಂದ್ರಗಳನ್ನು ತಾವೇ ನಡೆಸುವಂತಾದರು. ಒಂದು ಕಾಲಕ್ಕೆ ಪೊಲೀಸರಿಗೆ ಅಂಜಿ ಓಡುತ್ತಿದ್ದವರು ಇಂದು ತಲೆಯೆತ್ತಿ ಲೆಕ್ಕದ ಪುಸ್ತಕ ಬರೆಯುತ್ತಾರೆ.

ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸವೆಂದರೆ ತಿಪ್ಪೆಯನ್ನು ಮತ್ತೆ ಕಟ್ಟಿದ್ದು. ತಾರಸಿಯ ಮೇಲೆ ತೂತು ಕೊರೆದ ಎರಡು ಡ್ರಮ್ಮುಗಳು. ಹಸಿ ಕಸದ ಮೇಲೆ ಒಂದು ಪದರ ಒಣ ಎಲೆ, ಅದರ ಮೇಲೆ ಹಿಡಿಯಷ್ಟು ಹಳೆಯ ಗೊಬ್ಬರ, ವಾರಕ್ಕೊಮ್ಮೆ ಕೋಲಿನಿಂದ ಕೆದಕುವುದು. ಮೊದಲ ಸಲ ಒಣ ಎಲೆ ಸಾಲದೆ ನಾತ ಹೊಡೆದು, ಮಗ ಮೂಗು ಮುಚ್ಚಿಕೊಂಡ. ನೀರು ಹೆಚ್ಚಾಗಿ ಗಾಳಿ ಆಡದಿದ್ದರೆ ಹಾಗಾಗುತ್ತದೆ. ಎಲೆ ಹೆಚ್ಚಿಸಿದೊಡನೆ ಸರಿಹೋಯಿತು. ಎರಡು ತಿಂಗಳಲ್ಲಿ ಕೈಗೆ ಬಂದ ಕರಿಯ ಗೊಬ್ಬರವನ್ನು ಮೂಸಿದಾಗ ತವರಿನ ಹಿತ್ತಲೇ ಕಣ್ಣ ಮುಂದೆ ಬಂದಿತು. ನಮ್ಮ ಬೀದಿಯ ಹದಿನಾಲ್ಕು ಮನೆಗಳಿಗೆ ಈ ವಿದ್ಯೆ ಹಬ್ಬಿತು. ಬಾಗಿಲು ಬಾಗಿಲಿಗೆ ನಾನು ಹೋದೆ. ಆದರೆ ಜನ ಕಿವಿಗೊಟ್ಟದ್ದು ನನ್ನ ಮಾತಿಗಲ್ಲ, ನನ್ನೊಡನೆ ಬಂದ ಆ ತಾಯಿ ತೋರಿಸಿದ ಅಂಗೈಗೆ.

2018ರ ರಾಜ್ಯೋತ್ಸವಕ್ಕೆ ಬೀದಿಯವರು ಸನ್ಮಾನಕ್ಕೆ ಗಣ್ಯರನ್ನು ಹುಡುಕುತ್ತಿದ್ದರು. ನಾನು ಆಕೆಯ ಹೆಸರು ಹೇಳಿದೆ. ಸಭೆ ಮೌನವಾಯಿತು. “ಅವರನ್ನು ವೇದಿಕೆಗೆ ಕರೆದರೆ ಹೇಗಿರುತ್ತದೆ?” ಎಂದು ಹಿರಿಯರೊಬ್ಬರು ಮೆಲ್ಲನೆ ಕೇಳಿದರು. “ಹತ್ತು ದಿನ ಅವರು ಬಾರದಿದ್ದರೆ ಈ ಬೀದಿ ಹೇಗಿರುತ್ತದೆ ಎಂಬುದನ್ನೂ ಯೋಚಿಸೋಣ” ಎಂದೆ. ಕಡೆಗೆ ಅದೇ ಹಿರಿಯರೇ ಶಾಲು ಹೊದಿಸಿದರು. ಧ್ವನಿವರ್ಧಕದ ಮುಂದೆ ಆಕೆ ಬಹಳ ಹೊತ್ತು ಮಾತಿಲ್ಲದೆ ನಿಂತು, ಕೊನೆಗೆ “ಒಡೆದ ಗ್ಲಾಸು ಬೇರೆ ಕೊಡಿ” ಎಂದು ಹೇಳಿ ಇಳಿದುಬಂದರು. ಅದಕ್ಕಿಂತ ಉಪಯುಕ್ತವಾದ ಭಾಷಣವನ್ನು ನಾನು ಕೇಳಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ನಮ್ಮ ಬೀದಿಯ ಮಕ್ಕಳೆಲ್ಲರಿಗೂ ಈಗ ಅದು ಗೊತ್ತಿದೆ.

385 ಆಲದ ಮರಗಳ ತಾಯಿ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ನಮ್ಮನ್ನಗಲಿದಾಗ ನಾಡೆಲ್ಲ ಕಣ್ಣೀರಿಟ್ಟಿತು. ಅಂಥವರಿಗೆ ಕೈಮುಗಿಯುವ ನಾವು, ಬೆಳಗಿನ ಜಾವ ನಮ್ಮ ಬಾಗಿಲಿಗೆ ಬರುವವರನ್ನೂ ಕಣ್ಣೆತ್ತಿ ನೋಡಬೇಕು. ಸೋದರಿಯರಲ್ಲಿ ನನ್ನದೊಂದು ವಿನಂತಿ: ನಿಮ್ಮ ಮನೆಯ ಕಸ ಒಯ್ಯುವವರ ಹೆಸರನ್ನು ನಾಳೆಯೇ ಕೇಳಿ ತಿಳಿದುಕೊಳ್ಳಿ. ಹೆಸರು ತಿಳಿದ ಮೇಲೆ ಅವರ ಕೈಗೆ ಗಾಜಿನ ಚೂರನ್ನು ಕೊಡಲು ಯಾರಿಗೂ ಮನಸ್ಸಾಗದು.