ಕುಶಲಪ್ರಶ್ನೆ

ಸಂಸ್ಕೃತ ಪಾಠಶಾಲೆಗೆ ಸೇರಿದ ವಟುವಿಗೆ ಹಿಂದಿನವರು ಮೊದಮೊದಲು ಕಲಿಸುತ್ತಿದ್ದ ವಿಧಿಗಳಲ್ಲಿ ಅಭಿವಾದನವೂ ಒಂದು. ಶಿಷ್ಯನು ಹಿರಿಯರೆದುರು ನಿಂತು, ಎರಡು ಕಿವಿಗಳನ್ನೂ ಮುಟ್ಟಿ, ತನ್ನ ಪ್ರವರ ಗೋತ್ರ ಸೂತ್ರ ಶಾಖೆಗಳನ್ನು ಉಚ್ಚರಿಸಿ, ಕಡೆಗೆ ತನ್ನ ಹೆಸರನ್ನು ಹೇಳಿ ಬಾಗಬೇಕು. ಹಿರಿಯರು ಹರಸುವಾಗ ಆ ಹೆಸರನ್ನೇ ಮರಳಿ ನುಡಿಯಬೇಕು. ನುಡಿವಾಗ ಅದರ ಕಡೆಯ ಸ್ವರವನ್ನು ಮೂರು ಮಾತ್ರೆಗಳಷ್ಟು ಎಳೆಯಬೇಕೆಂದು ಪಾಣಿನಿ ಮಹರ್ಷಿಗಳು ಒಂದು ಸೂತ್ರವನ್ನೇ ರಚಿಸಿರುವರು. ತಗ್ಗಿಸಿ ಒಪ್ಪಿಸಿದ ಹೆಸರು ನೀಳವಾಗಿ ಹಿಂದಿರುಗಿ ಬರುವುದು. ಪರಿಚಯವೆಂಬುದರ ತಿರುಳೆಲ್ಲ ಇಷ್ಟೇ ಅಲ್ಲವೆ? ಆದರೆ ಅದೇ ಸೂತ್ರವು ಶೂದ್ರರನ್ನು ಆ ಮರ್ಯಾದೆಯಿಂದ ಹೊರಗಿಟ್ಟಿತೆಂಬುದೂ ದಿಟ. ಹೊರಗಿನವರೆಂದು ಎಣಿಸಿದವರ ಹೆಸರನ್ನು ಹೇಗೆ ಮರಳಿಸಬೇಕೆಂಬುದನ್ನು ಕಲಿಯಲು ಪಾಠಶಾಲೆ ಸಾಲದು. ಒಡೆಯರಪಾಳ್ಯದ ಕಿರಾಣಿ ಅಂಗಡಿಯವರೊಬ್ಬರು ಅದನ್ನು ತಮ್ಮ ಅಂಗಡಿಯಲ್ಲಿಯೇ ಕಲಿತರು.

ಕೊಳ್ಳೇಗಾಲದಿಂದ ಹನೂರು ಲೊಕ್ಕನಹಳ್ಳಿಗಳ ಮೇಲೆ ಬೆಟ್ಟಸಾಲಿನ ನಡುವೆ ಸಾಗಿ ತಮಿಳುನಾಡಿನ ಹಾಸನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಡೆಯರಪಾಳ್ಯವಿರುವುದು. ಹಲವು ನುಡಿಗಳು ಈ ಸೀಮೆಗೆ ಹೊಸತಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಕಾಡಿನಲ್ಲಿ ಸೋಲಿಗರ ನುಡಿ, ಮಾರ್ಟಳ್ಳಿಯ ಕಡೆ ತಮಿಳು, ಮಿಕ್ಕೆಡೆ ಕನ್ನಡ. ಒಬ್ಬರು ‘ಶರಣು’ ಎಂದರೆ ಇನ್ನೊಬ್ಬರು ‘ವಣಕ್ಕಂ’ ಎನ್ನುವರು, ಯಾರಿಗೂ ಅಡಚಣೆಯಿಲ್ಲ. ಇಂತಹ ನೆಲಕ್ಕೆ ಹಿಮಾಲಯದಾಚೆಯ ಭಾಷೆಯೊಂದು ಬಂದು ಸೇರಿತು. ದಲೈ ಲಾಮಾ ಅವರು 1959ರಲ್ಲಿ ಭಾರತದ ಆಶ್ರಯವನ್ನು ಪಡೆದ ಬಳಿಕ, ನಿಜಲಿಂಗಪ್ಪನವರ ಕಾಲದಲ್ಲಿ ಮೈಸೂರು ಸರ್ಕಾರವು ನಿರಾಶ್ರಿತರಿಗೆ ಭೂಮಿಯನ್ನು ಕೊಡಲು ಒಪ್ಪಿತು. ಬೈಲುಕುಪ್ಪೆ, ಮುಂಡಗೋಡು, ಹುಣಸೂರುಗಳ ತರುವಾಯ 1974ರಲ್ಲಿ ಒಡೆಯರಪಾಳ್ಯದ ಬಳಿ ಧೋಂಡೆನ್‌ಲಿಂಗ್ ಎಂಬ ವಸತಿ ಏರ್ಪಟ್ಟಿತು. ಮಾದಪ್ಪನ ಸೀಮೆಯವರು ಆ ಹೆಸರಿನಲ್ಲಿ ಶಿವಲಿಂಗವನ್ನೇ ಕೇಳಿಸಿಕೊಂಡರು. ‘ಲಿಂಗ್’ ಎಂದರೆ ದ್ವೀಪವೆಂದು ಆ ಭಾಷೆಯ ಅರ್ಥ. ನಮ್ಮ ಜಂಬೂದ್ವೀಪದ ‘ದ್ವೀಪ’ ಶಬ್ದಕ್ಕೂ ಟಿಬೆಟ್ಟಿನ ಪಂಡಿತರು ಅದನ್ನೇ ಬಳಸಿರುವರು.

ಬಂದವರು ಕುರುಚಲು ಕಾಡನ್ನು ಸವರಿ ಮುಸುಕಿನ ಜೋಳವನ್ನು ಬಿತ್ತಿದರು; ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರುಗಳನ್ನು ಮಾರಿದರು. ಅವರ ಊರುಗಳಿಗೆ ಎ, ಬಿ, ಸಿ ಎಂದು ಇಂಗ್ಲಿಷಿನ ಅಕ್ಷರಗಳೇ ಹೆಸರುಗಳಾದುವು. ನೆರೆಯವರೊಡನೆ ಕೊಡುಕೊಳ್ಳುವಿಕೆ ಬೆರಳೆಣಿಕೆಯಿಂದ ಮೊದಲಾಯಿತು. ಬೆಲೆಯ ಮಾತು ಮೊದಲು ಬಂದಿತು, ಬೈಗುಳು ಎರಡನೆಯದಾಗಿ ಬಂದಿತು. ಹೆಸರು ಮಾತ್ರ ಬಹಳ ತಡವಾಗಿ ಬಂದಿತು.

ಅಂಗಡಿಯವರ ಸಾಲದ ಪುಸ್ತಕವೇ ಇದಕ್ಕೆ ಸಾಕ್ಷಿಯಾಗಿದ್ದಿತು. ಊರಿನ ಗಿರಾಕಿಗಳೆಲ್ಲರೂ ಅದರಲ್ಲಿ ತಂದೆಯ ಹೆಸರಿನೊಡನೆ ನಮೂದಾಗಿದ್ದರು. ಟಿಬೆಟ್ಟಿನವರ ಹೆಸರುಗಳು ನಾಲಗೆಗೆ ನಿಲ್ಲದೆ ಹೋದುದರಿಂದ ‘ಬಿ ಊರಿನ ಉದ್ದನೆಯವನು’, ‘ಟೋಪಿಯ ಲಾಮಾ’, ‘ಮುರಿದ ಹಲ್ಲಿನವನ ತಮ್ಮ’ ಎಂದು ಗುರುತುಗಳನ್ನು ಬರೆದುಕೊಂಡಿದ್ದರು. ಮೂವತ್ತು ವರ್ಷಗಳಿಂದ ಚಹಾಪುಡಿಗೂ ಗೋಧಿಹಿಟ್ಟಿಗೂ ಬರುತ್ತಿದ್ದ ವೃದ್ಧೆಯೊಬ್ಬಳ ಪುಟಕ್ಕೆ ‘ಸ್ವೆಟರ್ ಮುದುಕಿ’ ಎಂಬ ತಲೆಬರಹವಿದ್ದಿತು. ಅವರಿಗೆ ಅದರಲ್ಲಿ ಕೆಡುಕೇನೂ ತೋರಿರಲಿಲ್ಲ; ಲೆಕ್ಕವು ಎಂದೂ ತಪ್ಪಿದ್ದಿಲ್ಲ.

ಒಂದು ದಿನ ಆಕೆ ಬಂದು ಬಾಕಿಯನ್ನೆಲ್ಲ ಎಣಿಸಿಕೊಟ್ಟಳು. ಪರದೇಶದಲ್ಲಿದ್ದ ಮಗನು ಆಕೆಯನ್ನು ಕರೆಯಿಸಿಕೊಳ್ಳುವವನಿದ್ದನು. ಹೊರಡಲು ಇನ್ನೊಂದು ತಿಂಗಳಿದ್ದಿತು. “ನನ್ನ ಹೆಸರು ಹೊಡೆದುಹಾಕು, ನೋಡ್ತೀನಿ” ಎಂದು ಕೇಳಿದಳು. ಅಂಗಡಿಯವರ ಮೊಮ್ಮಗಳು ಆಗ ತಾನೆ ಓದಲು ಕಲಿತ ಉತ್ಸಾಹದಲ್ಲಿ ಆ ತಲೆಬರಹವನ್ನು ಗಟ್ಟಿಯಾಗಿ ಓದಿಬಿಟ್ಟಳು. ವೃದ್ಧೆ ನಕ್ಕಳು. ಅಂಗಡಿಯವರಿಗೆ ನಗು ಬರಲಿಲ್ಲ. “ಅಜ್ಜಿ, ನಿಮ್ಮ ಹೆಸರೇನು?” ಎಂದು ಅವರು ಮೊದಲ ಬಾರಿಗೆ ಕೇಳಿದರು. ‘ನಿಮ್ಮ’ ಎಂಬ ಮಾತೂ ಅವರ ಬಾಯಿಂದ ಆಕೆಯ ಪಾಲಿಗೆ ಅದೇ ಮೊದಲು ಬಂದಿತು.

ಈ ಬಹುವಚನದ ವಿಷಯವಾಗಿ ಎರಡು ಮಾತುಗಳನ್ನು ಹೇಳಬೇಕು. ಹಳೆಯ ತಲೆಮಾರಿನ ಟಿಬೆಟ್ಟಿಗರು ಎಲ್ಲರನ್ನೂ ಏಕವಚನದಲ್ಲಿಯೇ ಮಾತನಾಡಿಸುವರೆಂದು ಊರಿನಲ್ಲಿ ದೂರಿದ್ದಿತು. ಕಂದಾಯದವರಿಗೂ ‘ಬಾ’, ಪೂಜಾರಿಗೂ ‘ಕೂರು’. ಅಂಗಡಿಯವರೂ ಒಳಗೊಳಗೆ ನೊಂದಿದ್ದುಂಟು. ಆಕೆ ಅವರಿಗೆ ‘ಸಕ್ಕರೆ ಕೊಡು, ಚಿಲ್ಲರೆ ತಗೊ’ ಎನ್ನುವಳು. ಆ ದಿನ ಅವರು ಅದನ್ನು ಬಾಯಿಬಿಟ್ಟು ಹೇಳಿದಾಗ ಆಕೆ ಸ್ವಲ್ಪ ಯೋಚಿಸಿ, “ನಂಗೆ ಎಲ್ಲಾರೂ ಬಾ, ಹೋಗು, ತಗೊ ಅಂದರು. ಅದೇ ಕಲ್ತೆ. ಬನ್ನಿ ಅಂತ ಯಾರು ಅಂದರು?” ಎಂದಳು. ಅಂಗಡಿಯವರು ನಿರುತ್ತರರಾದರು. ಊರು ಯಾವ ಕನ್ನಡವನ್ನು ಕೊಟ್ಟಿತ್ತೋ ಅದೇ ಕನ್ನಡವು ಬಡ್ಡಿಯಿಲ್ಲದೆ ಹಿಂದಿರುಗಿ ಬಂದಿತ್ತು.

ವಿಚಿತ್ರವೆಂದರೆ, ಆಕೆಯ ಸ್ವಂತ ಭಾಷೆಯಲ್ಲಿ ಗೌರವದ ಏರ್ಪಾಡು ಕನ್ನಡಕ್ಕಿಂತಲೂ ಸೂಕ್ಷ್ಮವಾದುದು. ಕನ್ನಡಿಗನು ಎದುರಿನವರನ್ನು ಸರ್ವನಾಮದಿಂದಲೂ ಕ್ರಿಯಾಪದದಿಂದಲೂ ಎತ್ತರಿಸುವನು. ಟಿಬೆಟ್ಟಿಗನು ನಾಮಪದವನ್ನೇ ಬದಲಾಯಿಸುವನು. ತನ್ನ ಹೆಸರಿಗೆ ‘ಮಿಂಗ್’, ಎದುರಿನವರ ಹೆಸರಿಗೆ ‘ತ್ಸೆನ್’. ತನ್ನ ಶರೀರಕ್ಕೆ ‘ಸುಗ್ಪೊ’, ಹಿರಿಯರ ಶರೀರಕ್ಕೆ ‘ಕು’. ಕೈಗೂ ತಲೆಗೂ ಹೀಗೆಯೇ ಎರಡೆರಡು ಮಾತುಗಳು. ಗೌರವದ ಮಾತನ್ನು ತನಗೆ ತಾನೇ ಹೇಳಿಕೊಳ್ಳುವುದು ಅವಲಕ್ಷಣ. ಹೆಸರಿನ ಮುಂದೆ ‘ಲಾ’ ಎಂದು ಸೇರಿಸಿದರೆ ನಮ್ಮ ‘ಅವರು’ ಎಂದಂತೆ. ತಾಯಿ ‘ಅಮಾಲಾ’, ಉಪಾಧ್ಯಾಯರು ‘ಗೆನ್‌ಲಾ’. ಇಷ್ಟು ವಿನಯವುಳ್ಳ ನುಡಿಯನ್ನು ಬಾಯಲ್ಲಿಟ್ಟುಕೊಂಡು ಬಂದವಳು ಮೂವತ್ತು ವರ್ಷ ಅವಿನೀತಳೆನಿಸಿಕೊಂಡಿದ್ದಳು.

ಅಂದಿನಿಂದ ಅಂಗಡಿಯವರು ಪಾಠಕ್ಕೆ ಕುಳಿತರು. ವೃದ್ಧೆಯೇ ಗೆನ್‌ಲಾ ಆದಳು. ಮೊದಲನೆಯ ಪಾಠ ‘ಟಾಶಿ ದೆಲೆಕ್’. ಟಾಶಿ ಎಂದರೆ ಮಂಗಳ, ದೆಲೆಕ್ ಎಂದರೆ ಸುಖ ಶ್ರೇಯಸ್ಸುಗಳು. ನಮ್ಮ ‘ಸ್ವಸ್ತಿ’ಯನ್ನು ಹೋಲುವ ಮಾತು. ಬರವಣಿಗೆಯಲ್ಲಿ ಟಾಶಿಯ ಮೊದಲಿಗೆ ಬಕಾರ ಕಕಾರ ರಕಾರಗಳು ಒಟ್ಟುಗೂಡಿ ನಿಲ್ಲುವುವು. ಉಚ್ಚಾರದಲ್ಲಿ ಅವೆಲ್ಲವೂ ಕರಗಿ ಒಂದು ಟಕಾರವಷ್ಟೇ ಉಳಿಯುವುದು. ಸ್ವದೇಶದಲ್ಲಿ ಇದು ವಿಶೇಷವಾಗಿ ಲೋಸಾರ್ ಎಂಬ ಹೊಸವರ್ಷದ ಹಬ್ಬದ ಹಾರೈಕೆಯಾಗಿದ್ದಿತು. ಬೇರೆ ಬೇರೆ ಪ್ರಾಂತಗಳ ಆಡುನುಡಿಗಳವರು ಒಂದೇ ಆಶ್ರಯದಲ್ಲಿ ಕೂಡಿದ ಮೇಲೆ ಎಲ್ಲರಿಗೂ ನಿತ್ಯದ ವಂದನೆಯಾಗಿ ಹಬ್ಬಿತು. ಮನೆಯನ್ನು ಕಳೆದುಕೊಂಡವರು ಹಬ್ಬದ ಮಾತನ್ನು ದಿನದ ಮಾತನ್ನಾಗಿ ಮಾಡಿಕೊಂಡರು.

ಎರಡನೆಯ ಪಾಠದಲ್ಲಿ ಶಿಷ್ಯರು ತಡವರಿಸಿದರು. ‘ನನ್ನ ಹೆಸರು’ ಎನ್ನಲು ‘ಙೇ ಮಿಂಗ್’ ಎನ್ನಬೇಕು, ಬಳಿಕ ಹೆಸರು, ಕಡೆಗೆ ‘ಯಿನ್’. ಅಂಗಡಿಯವರ ನಾಲಗೆ ‘ನೇ’ ಎಂದಿತು, ‘ಗೇ’ ಎಂದಿತು, ಬೇಕಾದ ಧ್ವನಿ ಹೊರಡಲೊಲ್ಲದು. ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದ ಮೊಮ್ಮಗಳು ತಲೆಯೆತ್ತಿ, “ತಾತ, ಅದು ಕ ಖ ಗ ಘ ಙ ಅಂತಾರಲ್ಲ, ಆ ಙ” ಎಂದಳು. ಅಜ್ಜಿಗೆ ಆನಂದವಾಗಿ, ತನ್ನ ಅಕ್ಷರಮಾಲೆಯನ್ನು ಹೇಳಿದಳು: ಕ, ಖ, ಗ, ಙ. ಘಕಾರವೊಂದು ಇಲ್ಲ, ಮಿಕ್ಕುದೆಲ್ಲ ಒಂದೇ. ಏಳನೆಯ ಶತಮಾನದಲ್ಲಿ ಥೋನ್ಮಿ ಸಂಭೋಟನೆಂಬ ಮಂತ್ರಿಯು ಭಾರತಕ್ಕೆ ಬಂದು ಅಕ್ಷರವಿದ್ಯೆಯನ್ನು ಕಲಿತು ಹೋಗಿ ಮೂವತ್ತು ವ್ಯಂಜನಗಳ ಲಿಪಿಯನ್ನು ರಚಿಸಿದನೆಂದು ಅವರ ಪರಂಪರೆ ಹೇಳುವುದು. ಕನ್ನಡದ ಮಗು ಙಕಾರವನ್ನು ಬಾಯಿಪಾಠ ಮಾಡುವುದು, ತಿದ್ದುವುದು, ಆಮೇಲೆ ಮರೆಯುವುದು. ವಾಙ್ಮಯ, ಪರಾಙ್ಮುಖ ಮುಂತಾದ ನಾಲ್ಕಾರು ಸಂಸ್ಕೃತ ಶಬ್ದಗಳ ಹೊರತು ಅದಕ್ಕೆ ಉದ್ಯೋಗವಿಲ್ಲ. ಟಿಬೆಟ್ಟಿನಲ್ಲಿಯೋ ‘ಙ’ ಎಂಬುದೇ ‘ನಾನು’. ಒಂದು ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತ ಅಕ್ಷರವು ಇನ್ನೊಂದರಲ್ಲಿ ಅಹಂಕಾರವನ್ನೇ ಹೊತ್ತು ನಿಂತಿರುವುದು!

ಆ ಧ್ವನಿಯನ್ನು ಹೊರಡಿಸುವ ಉಪಾಯವನ್ನೂ ಮೊಮ್ಮಗಳೇ ಕಂಡುಹಿಡಿದಳು. ‘ಅಂಗಡಿ’ ಎಂದು ನಿಧಾನವಾಗಿ ಹೇಳುತ್ತ ನಡುವೆ ತಡೆದು ನಿಲ್ಲಬೇಕು. ಅಕಾರಕ್ಕೂ ಗಕಾರಕ್ಕೂ ಮಧ್ಯದಲ್ಲಿ ಮೂಗಿನಲ್ಲಿ ಉಳಿಯುವುದೇ ಙ. ಅಂಗಡಿಯವರು ಮೂರು ದಿನ ಅಂಗಡಿಯನ್ನು ಜಪಿಸಿ ಙಕಾರವನ್ನು ಸಾಧಿಸಿದರು.

ಅಜ್ಜಿಯ ಕಷ್ಟವೂ ಕಡಮೆಯದಲ್ಲ. ಆಕೆಯ ನುಡಿಯಲ್ಲಿ ಳಕಾರವೂ ಣಕಾರವೂ ಇಲ್ಲ. ‘ಅಣ್ಣ’ ಎಂಬುದು ‘ಅನ್ನ’ವಾಗುವುದು, ಅದನ್ನಾದರೂ ಉಣ್ಣಬಹುದು. ‘ಹೇಳು’ ಎಂಬ ಮಾತಾದರೋ ಆಕೆಯ ಬಾಯಲ್ಲಿ ಸಭ್ಯರು ಆಡಬಾರದ ಮಾತಾಗಿ ಪರಿಣಮಿಸಿ, ಇಷ್ಟು ವರ್ಷ ಅಂಗಡಿಗೆ ಬಂದವರನ್ನೆಲ್ಲ ನಗಿಸಿದ್ದಿತು. ಅದಕ್ಕೆ ಬಹುವಚನವೇ ಮದ್ದಾಯಿತು. ‘ಹೇಳಿ’ ಎನ್ನಲು ಕಲಿತ ಮೇಲೆ, ಳಕಾರವು ಲಕಾರವಾದರೂ ಮಾನವು ಉಳಿಯಿತು.

ಹೆಸರುಗಳ ಪಾಠವೇ ಎಲ್ಲಕ್ಕಿಂತ ರುಚಿಕರವಾಗಿದ್ದಿತು. ಅನೇಕ ಟಿಬೆಟ್ಟಿಗರಿಗೆ ಹುಟ್ಟಿದ ವಾರವೇ ಹೆಸರು: ಭಾನುವಾರದವನು ನ್ಯಿಮಾ, ಸೋಮವಾರದವನು ದಾವಾ, ಮಂಗಳವಾರ ಮಿಗ್ಮಾರ್, ಬುಧವಾರ ಲಾಕ್ಪಾ, ಗುರುವಾರ ಫುರ್ಬು, ಶುಕ್ರವಾರ ಪಾಸಾಂಗ್, ಶನಿವಾರ ಪೆಂಬಾ. ನಮ್ಮಂತೆಯೇ ಇವೂ ಗ್ರಹಗಳ ಹೆಸರುಗಳು. ಪೆಮಾ ಎಂದರೆ ಪದ್ಮ, ದೋರ್ಜೆ ಎಂದರೆ ವಜ್ರ, ದೊಲ್ಮಾ ಎಂದರೆ ತಾರಾದೇವಿ, ತ್ಸೆರಿಂಗ್ ಎಂದರೆ ದೀರ್ಘಾಯು. ಗಂಡಿಗೂ ಹೆಣ್ಣಿಗೂ ಒಂದೇ ಹೆಸರಿರಬಹುದು. ನಾಲಗೆಗೆ ನಿಲ್ಲವೆಂದು ಅಂಗಡಿಯವರು ಕೈಬಿಟ್ಟಿದ್ದ ಹೆಸರುಗಳೆಲ್ಲವೂ ಅವರ ಪಂಚಾಂಗದಲ್ಲಿಯೇ ಇದ್ದುವು! ಅಜ್ಜಿಯ ಹೆಸರು ಸೋಮವಾರದ್ದು. ಸೋಮವಾರವೆಂದರೆ ಮಾದಪ್ಪನ ವಾರ, ಇನ್ನು ಮರೆಯುವಂತಿಲ್ಲ. ಪುಸ್ತಕದ ಹಳೆಯ ತಲೆಬರಹವನ್ನು ಅವರು ಅಡ್ಡಗೀಟೆಳೆದು ಹೊಡೆದುಹಾಕಿ, ಬಾಕಿಯಿಲ್ಲದ ಆ ಪುಟದ ಮೇಲೆ ಆಕೆಯ ಹೆಸರನ್ನು ‘ಲಾ’ ಎಂಬ ಗೌರವದೊಡನೆ ಬರೆದರು. ಕಡೆಯ ಆಕಾರವು ಪಾಣಿನಿಯ ಪ್ಲುತದಂತೆ ತಾನಾಗಿಯೇ ನೀಳವಾಯಿತು.

ಹೊರಡುವ ದಿನ ಆಕೆ ಬಿಳಿಯ ಖತಾ ವಸ್ತ್ರವನ್ನು ತಂದು ಅಂಗಡಿಯವರ ಕೊರಳಿಗೆ ಹಾಕಿದಳು. ಅವರು ಕೈಮುಗಿದು, “ಕುಸು ದೇಪೊ ಯಿನ್‌ಪೆ?” ಎಂದು ದೇಹಕುಶಲವನ್ನು ಕೇಳಿದರು. ಬೀಳ್ಕೊಡುವ ಮಾತುಗಳಲ್ಲಿಯೂ ಆ ಭಾಷೆ ಎಚ್ಚರಿಕೆಯುಳ್ಳದು. ಉಳಿಯುವವರಿಗೆ ಹೋಗುವವರು ‘ಕಲೇ ಶು’ ಎನ್ನುವರು, ನಿಧಾನವಾಗಿ ಕುಳಿತಿರಿ ಎಂದು. ಹೋಗುವವರಿಗೆ ಉಳಿಯುವವರು ‘ಕಲೇ ಫೆ’ ಎನ್ನುವರು, ನಿಧಾನವಾಗಿ ದಯಮಾಡಿಸಿ ಎಂದು. ಕನ್ನಡದ ಮನೆಗಳಲ್ಲಿ ‘ಹೋಗುತ್ತೇನೆ’ ಎಂದು ಯಾರೂ ಹೊರಡುವುದಿಲ್ಲ. ‘ಹೋಗಿಬರುತ್ತೇನೆ’ ಎಂದೇ ಹೊರಡಬೇಕು.

ಬಸ್ಸು ಬಂದಿತು. ಅಂಗಡಿಯವರು ಮೆಟ್ಟಿಲಿಳಿದು ನಿಂತು “ಕಲೇ ಫೆ” ಎಂದರು. ಒಮ್ಮೆ ಹಿಮಾಲಯವನ್ನು ದಾಟಿ ಬಂದು ಈಗ ಸಮುದ್ರವನ್ನು ದಾಟಲಿದ್ದ ಆ ವೃದ್ಧೆ ತನ್ನ ಭಾಷೆಯಲ್ಲಿ ಉತ್ತರಿಸಲಿಲ್ಲ. “ಹೋಗಿಬರ್ತೀನಿ, ಕೂತಿರಿ” ಎಂದಳು.