ಟೈರಿನ ಹಲ್ಲು, ಜಂಬಿಟ್ಟಿಗೆಯ ಕೆಸರು

ಬೆಟ್ಟದ ದಾರಿಗೆಂದು ಮಾಡಿದ ಮೌಂಟನ್ ಬೈಕಿನ ಟೈರು ಸವೆದಿದೆಯೇ ಎಂಬುದನ್ನು ಉಳಿದ ರಬ್ಬರಿನ ದಪ್ಪ ನೋಡಿ ಹೇಳುವುದು ರೂಢಿಯಾದರೂ, ಮಲೆನಾಡಿನ ಸಿಗಂದೂರಿನ ಸುತ್ತಲಿನ ಮಣ್ಣುರಸ್ತೆಗಳಲ್ಲಿ ಆ ತೀರ್ಮಾನ ಬಹುಮಟ್ಟಿಗೆ ತಪ್ಪುತ್ತದೆ. ಟೈರಿನ ಮೈಮೇಲೆ ಎದ್ದು ನಿಂತ ರಬ್ಬರಿನ ಗುಬಟುಗಳನ್ನು ಹಲ್ಲು ಎಂದು ಕರೆಯುವುದಾದರೆ, ನೆಲವನ್ನು ಕಚ್ಚುವುದು ಆ ಹಲ್ಲಿನ ಅಂಚು. ಎತ್ತರ ಮುಕ್ಕಾಲು ಪಾಲು ಉಳಿದಿದ್ದರೂ ಅಂಚು ದುಂಡಗಾದ ಟೈರು ತಿರುವಿನಲ್ಲಿ ಜಾರುತ್ತದೆ. ಅಡಿಕೆ ಸುಲಿಯುವವರು ಕತ್ತಿಯ ಬಾಯಿಗೆ ಹೆಬ್ಬೆರಳು ತಾಗಿಸಿ ನೋಡುವಂತೆ ಟೈರಿನ ಪಕ್ಕದ ಸಾಲಿನ ಹಲ್ಲುಗಳನ್ನು ಸವರಿ ನೋಡಬೇಕು, ಏಕೆಂದರೆ ಸೈಕಲ್ಲು ವಾಲಿದಾಗ ಭಾರ ಹೊರುವವು ಅವೇ.

ಗಾಳಿ ತುಂಬಿದ ಟೈರಿಗೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಪೇಟೆಂಟ್ ಪಡೆದಿದ್ದರೂ ಅದು ಮರೆತುಹೋಗಿ, 1887ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಗಾಲಿ ಸೈಕಲ್ಲಿನ ಕುಲುಕಾಟ ತಪ್ಪಿಸಲೆಂದು ಅದನ್ನು ಮತ್ತೆ ಕಂಡುಕೊಂಡನು. ಬೆಟ್ಟದ ದಾರಿಯ ಹಿಡಿತದ ಚಿಂತೆ ಬಂದದ್ದು ಬಹಳ ತಡವಾಗಿ. ಮೌಂಟನ್ ಬೈಕು ಹುಟ್ಟಿದ್ದೇ 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಣ ಧೂಳಿನ ಇಳಿಜಾರುಗಳಲ್ಲಿ. ಕೆಸರಿನ ಪಾಠವನ್ನು ಅದು ಬ್ರಿಟನ್ನಿನಂಥ ಒದ್ದೆ ನಾಡುಗಳಲ್ಲಿ ಕಲಿಯಿತು. ಅಲ್ಲಿ ಕೆಸರು ಚಳಿಗಾಲದ್ದು. ಆದ್ದರಿಂದ ಚಳಿಗೆ ರಬ್ಬರು ಬಿರುಸಾಗುತ್ತದೆ, ಮೆತ್ತನೆಯ ರಬ್ಬರಿನ, ಉದ್ದ ಹಲ್ಲಿನ, ಕಿರಿದಾದ ಟೈರು ಹಾಕಿ ಎಂಬ ಸಲಹೆ ಅಲ್ಲಿಂದ ಹೊರಟು ಎಲ್ಲೆಡೆ ಹರಡಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಾದರೋ ಚಳಿಗಾಲವೆಂದರೆ ದಾರಿ ಗಟ್ಟಿಯಾಗಿ ಧೂಳೇಳುವ ಕಾಲ. ಕೆಸರೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು, ಅದೂ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರು ಮೀರಿ ಸುರಿಯುವ ಮಳೆಯದು.

ಋತು ಮಾತ್ರವಲ್ಲ, ನೆಲವೂ ಬೇರೆ. 1801ರಲ್ಲಿ ಇಕ್ಕೇರಿ, ನಗರಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಪಶ್ಚಿಮ ಕರಾವಳಿಯ ಕೆಂಪು ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ, ತನ್ನ 1807ರ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಜಂಬಿಟ್ಟಿಗೆ ಎನ್ನುವ ಕನ್ನಡಿಗರ ಮಾತಿನಲ್ಲಿ ಇಟ್ಟಿಗೆ ಇದ್ದೇ ಇದೆ. ಈ ಕಲ್ಲಿನ ಮೇಲಿನ ಕೆಸರು ಅನೇಕ ಕಡೆ ತೆಳುವಾದ ಪದರ, ಕೆಳಗೆ ಗಟ್ಟಿ ಜಲ್ಲಿ. ಉದ್ದ ಹಲ್ಲು ಕೆಸರನ್ನು ದಾಟಿ ಕಲ್ಲಿಗೆ ತಾಗಿ ಬಾಗುತ್ತದೆ, ಒತ್ತೊತ್ತಾದ ಗಿಡ್ಡ ಹಲ್ಲಿನ ಸಂದಿಯಲ್ಲಿ ಕೆಸರು ಕಚ್ಚಿಕೊಂಡು ಟೈರು ಬೋಳಾದಂತೆಯೇ ಆಗುತ್ತದೆ. ಹೀಗಾಗಿ ಮಧ್ಯಮ ಎತ್ತರದ, ಹಲ್ಲುಗಳ ನಡುವೆ ಕೆಸರು ಉದುರಲು ಜಾಗವಿರುವ ಟೈರೇ ಇಲ್ಲಿಗೆ ಸರಿ. ಉದ್ದ ಹಲ್ಲಿಗೆ ಕೆಲಸವಿರುವುದು ಗದ್ದೆಯಂಚಿನ ಹುದುಲಿನಲ್ಲಿ. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ಪಾಚಿಗಟ್ಟಿದ್ದರೆ ಯಾವ ಹಲ್ಲೂ ನಿಲ್ಲದು, ಇಳಿದು ನಡೆಯುವುದೇ ವಿದ್ಯೆ.

ಹಿಂದಿನ ಗಾಲಿ ಹೆಚ್ಚು ಭಾರ ಹೊತ್ತು ಸೈಕಲ್ಲನ್ನು ನೂಕುವುದರಿಂದ ಅದರ ಟೈರು ಬೇಗ ಸವೆಯುತ್ತದೆ. ಆದರೆ ಹಿಂದಿನದು ಜಾರಿದರೆ ಸವಾರ ಸಾವರಿಸಿಕೊಳ್ಳಬಲ್ಲ, ಮುಂದಿನದು ಜಾರಿದರೆ ಬೀಳುತ್ತಾನೆ. ಆದ್ದರಿಂದ ಹೊಸ ಟೈರು ಮುಂದಕ್ಕೆ, ಮುಂದಿದ್ದದ್ದು ಹಿಂದಕ್ಕೆ ಹೋಗಬೇಕು. ಎರಡು ಮಳೆಗಾಲ ಇದನ್ನು ತಿರುವುಮುರುವಾಗಿ ನಡೆಸಿದ ಪ್ರಸ್ತುತ ಲೇಖಕನ ಮೊಣಕೈಯಲ್ಲಿ ಅದರ ಗುರುತು ಇನ್ನೂ ಇದೆ. ಪಕ್ಕದ ಗೋಡೆಯಲ್ಲಿ ನೂಲು ಕಂಡರೆ ಹಲ್ಲು ಎಷ್ಟೇ ಚೂಪಾಗಿದ್ದರೂ ಆ ಟೈರಿನ ಆಯುಸ್ಸು ಮುಗಿದಂತೆ. ಕೊಳ್ಳುವಾಗ ಅದೇ ಗೋಡೆಯ ಮೇಲಿನ 54-559 ಎಂಬಂಥ ಅಂಕಿಯನ್ನು ಓದಬೇಕು: ಮೊದಲನೆಯದು ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡನೆಯದು ತಪ್ಪಿದರೆ ಟೈರು ಕೂರುವುದೇ ಇಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ, ಸಿಗಂದೂರಿಗೆ ಹೊರಟ ಸೈಕಲ್ಲು ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಲಾಂಚಿನಲ್ಲಿ ದಾಟುತ್ತಿತ್ತು, ಅಷ್ಟು ದೂರ ಟೈರಿಗೆ ಸವೆತವೇ ಇರಲಿಲ್ಲ. 2025ರ ಜುಲೈ 14ರಂದು ಉದ್ಘಾಟನೆಯಾದ ಸೇತುವೆ ಅಲ್ಲಿ 2.44 ಕಿಲೋಮೀಟರಿನ ಗಟ್ಟಿ ರಸ್ತೆಯನ್ನು ಕೊಟ್ಟಿದೆ. ಕೆಸರಿನ ಮೆತ್ತನೆಯ ಹಲ್ಲನ್ನು ಇಂಥ ರಸ್ತೆ ಬೇಗ ತಿನ್ನುವುದರಿಂದ, ದೀಪಾವಳಿಯ ಹೊತ್ತಿಗೆ ಮಳೆಗಾಲದ ಟೈರನ್ನು ಕಳಚಿ ಬಿಸಿಲು ತಾಗದ ಅಟ್ಟಕ್ಕೆ ಏರಿಸುವುದು ಲೇಸು.